ಹಿಂದಿನ ಸೀಟಿನ ಮಾತು ಮುಂದಿನ ಕಿವಿಗೆ

ಮಸ್ಕಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ದಿನವೂ ಬೈಕಿನಲ್ಲಿ ಪತ್ನಿಯನ್ನು ಲಿಂಗಸುಗೂರಿಗೆ ಕೆಲಸಕ್ಕೆ ಬಿಟ್ಟು ಬರುತ್ತಾರೆ. ಇಬ್ಬರೂ ಹೆಲ್ಮೆಟ್ ಹಾಕಲು ಶುರು ಮಾಡಿದ ಮೇಲೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ‘ಹೆಲ್ಮೆಟ್ಟಿನೊಳಗೆ ಕೂರಿಸಿಕೊಂಡು ಮಾತಾಡುವ ಇಂಟರ್‌ಕಾಮ್ ಬಂದಿದೆ. ಅದರಿಂದ ಕಿವಿಗೆ, ಮಿದುಳಿಗೆ ತೊಂದರೆ ಇದೆಯೇ? ಕೊಳ್ಳುವುದಾದರೆ ಏನು ನೋಡಿ ಕೊಳ್ಳಬೇಕು?’ ಎಂದು ಕೇಳಿದ್ದಾರೆ.

ಇದು ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ, ಡಾಕ್ಟರನ್ನಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ನಮ್ಮ ಕಡೆ ಬೈಕಿನ ಹಿಂದಿನ ಸೀಟಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಬರುವವರಲ್ಲಿ ಹೆಂಗಸರೇ ಹೆಚ್ಚು. ಹೇಗೆ ಬಿದ್ದಿರಿ ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ಹಂಪ್ ಬಂದದ್ದು ಗೊತ್ತಾಗಲಿಲ್ರೀ.’ ಮುಂದೆ ಕುಳಿತವನಿಗೆ ಹಂಪ್ ಕಂಡಿರುತ್ತದೆ, ಆತ ಹ್ಯಾಂಡಲ್ ಬಿಗಿ ಹಿಡಿದಿರುತ್ತಾನೆ. ಒಂದೇ ಕಡೆ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ಚೀಲ, ಮತ್ತೊಂದರಲ್ಲಿ ಮಗುವನ್ನು ಹಿಡಿದು ಕುಳಿತ ಹೆಂಡತಿಗೆ ಅದು ಕಂಡಿರುವುದಿಲ್ಲ. ಮುಂದಿನವನು ‘ಹಿಡ್ಕೋ’ ಎಂದು ಒಂದು ಮಾತು ಹೇಳಿದ್ದರೆ, ಆ ಮಾತು ಅವಳಿಗೆ ಕೇಳಿದ್ದರೆ, ಎಷ್ಟೋ ತಲೆಗಳು ಉಳಿಯುತ್ತಿದ್ದವು.

ಇಂಟರ್‌ಕಾಮನ್ನು ನಾನು ನೋಡುವುದು ಈ ದೃಷ್ಟಿಯಿಂದ. ಹರಟೆಗೆ, ಹಾಡಿಗೆ ಅದು ಬೇಕೋ ಬೇಡವೋ ನಿಮಗೆ ಬಿಟ್ಟದ್ದು. ‘ಹಂಪ್ ಬಂತು’, ‘ನಿಂದ್ರಸ್ರಿ’, ‘ತಲಿ ತಿರಗಾಕತ್ತೈತಿ’, ‘ಸೆರಗು ಗಾಲಿಗೆ ಹೋಗ್ತೈತಿ’ ಎಂಬಂಥ ನಾಲ್ಕಾರು ಮಾತುಗಳು ಸದ್ದಿನ ನಡುವೆ ಸ್ಪಷ್ಟವಾಗಿ ಕೇಳಿಸುತ್ತವೆಯೇ ಎಂಬುದನ್ನು ನೋಡಿ ಕೊಂಡರೆ ಹಣ ಸಾರ್ಥಕ.

ಏನಂದಿ?

ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 150ಎ. ಒಂದು ತುದಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಭತ್ತದ ಗದ್ದೆಗಳು, ಇನ್ನೊಂದು ತುದಿಯಲ್ಲಿ ಎರೆಭೂಮಿ, ಕಲ್ಲುಗುಡ್ಡ. ಸುಗ್ಗಿಯಲ್ಲಿ ರಸ್ತೆಯ ಅಂಚಿಗೆ ಭತ್ತ ಹರವಿರುತ್ತಾರೆ. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್, ಕುರಿ ಹಿಂಡು, ಊರು ಬಂದಲ್ಲೆಲ್ಲ ಹಂಪ್ ಇದ್ದೇ ಇರುತ್ತವೆ. ಇಂಥ ರಸ್ತೆಯಲ್ಲಿ ಬೈಕು ಓಡಿಸುವವನ ಕಣ್ಣು ಒಂದು ಗಳಿಗೆಯೂ ಅತ್ತಿತ್ತ ಹೋಗುವಂತಿಲ್ಲ.

ಆದರೆ ಹಿಂದಿನವರು ಏನೋ ಅಂದದ್ದು ಅರೆಬರೆ ಕೇಳಿತೆನ್ನಿ. ‘ಏನಂದಿ?’ ಎನ್ನುತ್ತ ಆತ ಕತ್ತು ಹಿಂದಕ್ಕೆ ತಿರುಗಿಸುತ್ತಾನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಹೆಚ್ಚು ಹೋಗುತ್ತದೆ. ಎರಡು ಸೆಕೆಂಡು ಹಿಂದೆ ನೋಡಿದರೆ ಮೂವತ್ತಮೂರು ಮೀಟರು ದಾರಿಯನ್ನು ಕಣ್ಣು ಮುಚ್ಚಿಕೊಂಡು ಹೋದ ಹಾಗೆ. ಕತ್ತು ತಿರುಗಿದಾಗ ಭುಜವೂ ತಿರುಗುತ್ತದೆ, ಭುಜದ ಜೊತೆ ಹ್ಯಾಂಡಲ್ಲೂ ಸ್ವಲ್ಪ ವಾಲುತ್ತದೆ. ಅದೇ ಹೊತ್ತಿಗೆ ಹಿಂದಿನವರು ಮಾತು ಮುಟ್ಟಿಸಲೆಂದು ಮುಂದಕ್ಕೆ ಬಾಗುತ್ತಾರೆ. ಹೆಲ್ಮೆಟ್ಟಿಗೆ ಹೆಲ್ಮೆಟ್ ಢೀ ಹೊಡೆಯುತ್ತದೆ. ಎರಡು ದಿನ ಹೀಗಾದ ಮೇಲೆ ಹಿಂದಿನವರು ಹೆಲ್ಮೆಟ್ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಮುಂದಿನವರು ಗಾಜು ಮೇಲೆತ್ತುತ್ತಾರೆ. ಸಂಜೆಯ ಹುಳು ಕಣ್ಣಿಗೆ ಬೀಳುವುದು ಆಗಲೇ.

ಗಾಳಿಯ ಸದ್ದು

ಮಾತು ಏಕೆ ಕೇಳುವುದಿಲ್ಲ? ಹೆಲ್ಮೆಟ್ ಕಿವಿ ಮುಚ್ಚುವುದರಿಂದ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಗಾಡಿ ನಿಂತಿರುವಾಗ ಅದೇ ಹೆಲ್ಮೆಟ್ ಹಾಕಿಕೊಂಡೇ ನೀವು ಪೆಟ್ರೋಲ್ ಬಂಕಿನ ಹುಡುಗನ ಜೊತೆ ಮಾತಾಡುತ್ತೀರಲ್ಲ? ನಿಜವಾದ ಅಡ್ಡಿ ಗಾಳಿ. ವೇಗ 60-65 ಕಿಲೋಮೀಟರ್ ದಾಟಿದ ಮೇಲೆ ಸವಾರನ ಕಿವಿಗೆ ಎಂಜಿನ್ನಿನ ಸದ್ದಿಗಿಂತ ಗಾಳಿಯ ಸದ್ದೇ ಹೆಚ್ಚು. ಹೆಲ್ಮೆಟ್ಟಿನ ಕೆಳಅಂಚಿಗೆ ಗಾಳಿ ಬಡಿದು ಸುಳಿಯಾಗಿ ಒಳಗೆ ನುಗ್ಗಿ ಗುಂಯ್ ಎನ್ನುತ್ತದೆ.

ಸದ್ದನ್ನು ಅಳೆಯುವ ಮಾನಕ್ಕೆ ಡೆಸಿಬಲ್ ಎನ್ನುತ್ತಾರೆ. ಎದುರು ಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬಲ್. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಸದ್ದು 90ರ ಆಸುಪಾಸಿಗೆ ಬರುತ್ತದೆ, ನೂರರ ವೇಗದಲ್ಲಿ ಅದಕ್ಕೂ ಮೇಲೆ. ಈ ಲೆಕ್ಕ ನಮ್ಮ ಸಾಮಾನ್ಯ ಕೂಡುವಿಕೆಯ ಲೆಕ್ಕವಲ್ಲ. ಮೂರು ಡೆಸಿಬಲ್ ಹೆಚ್ಚಿದರೆ ಸದ್ದಿನ ಶಕ್ತಿ ಎರಡರಷ್ಟು. ಕಾರ್ಖಾನೆ ಕೆಲಸಗಾರರ ಆರೋಗ್ಯವನ್ನು ನೋಡುವ ಅಮೆರಿಕದ ಸಂಸ್ಥೆ ಹೇಳುವ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಡೆಯಬಹುದು. 88 ಆದರೆ ನಾಲ್ಕು ತಾಸು, 91 ಆದರೆ ಎರಡು, 94 ಆದರೆ ಒಂದೇ ತಾಸು. 100 ಡೆಸಿಬಲ್ಲಿಗೆ ಹದಿನೈದು ನಿಮಿಷ ಮಾತ್ರ.

ಇಲ್ಲಿ ಹೆದರಿಸುವ ಉದ್ದೇಶ ನನ್ನದಲ್ಲ. ಐವತ್ತರ ವೇಗದಲ್ಲಿ ದಿನಕ್ಕೆ ಒಂದು ತಾಸು ಓಡಾಡುವ ಮಸ್ಕಿಯ ದಂಪತಿಗೆ ಗಾಳಿಯೊಂದರಿಂದಲೇ ಕಿವಿ ಕೆಡುವ ಸಂಭವ ಕಡಿಮೆ. ಆ ಗಾಳಿಯ ಸದ್ದನ್ನು ಮೀರಿಸಲೆಂದು ಅದರ ಮೇಲೆ ನಾವು ಸೇರಿಸುವ ಸದ್ದಿನಿಂದ ಅಪಾಯ. ಇಂಟರ್‌ಕಾಮಿನ ಗುಣ ದೋಷವೆಲ್ಲ ಇಲ್ಲಿಯೇ ಇದೆ.

ಗದ್ದಲದಲ್ಲಿ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಇದನ್ನು ಫ್ರಾನ್ಸಿನ ಕಿವಿ-ಗಂಟಲು ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿಯೇ ಬರೆದು ತೋರಿಸಿದ. ಇಂದಿಗೂ ಅದಕ್ಕೆ ಅವನದೇ ಹೆಸರು. ಅಕ್ಕಿ ಗಿರಣಿಯಲ್ಲಿ ದುಡಿಯುವವರು ಮನೆಗೆ ಬಂದ ಮೇಲೂ ಜೋರಾಗಿ ಮಾತಾಡುವುದನ್ನು ನೀವು ಕೇಳಿರಬಹುದು. ದಿನವೂ ಬೈಕಿನ ಹಿಂದೆ ಕುಳಿತು ಕೂಗಿ ಮಾತಾಡುವವರಿಗೆ ಗಂಟಲು ಕಟ್ಟುವುದು, ದನಿ ಒಡೆಯುವುದು ಉಂಟು. ತರಗತಿಯಲ್ಲಿ ದಿನವಿಡೀ ಪಾಠ ಹೇಳುವ ಶಿಕ್ಷಕಿಯರಿಗಂತೂ ಹೋಗುತ್ತ ಬರುತ್ತ ಕೂಗಿ ಉಳಿಯುವ ಗಂಟಲು ಎಷ್ಟು?

ಮೊದಲು ಹೆಲ್ಮೆಟ್

ಹಾರುತ್ತಿರುವಾಗ ಹಿಂದೆ ಮುಂದೆ ಕುಳಿತ ಇಬ್ಬರು ಮಾತಾಡಿಕೊಳ್ಳುವ ಕಷ್ಟ ಮೊದಲು ಬಂದದ್ದು ವಿಮಾನದವರಿಗೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ, 1917ರ ಸುಮಾರಿಗೆ, ಇಂಗ್ಲೆಂಡಿನ ಗಾಸ್ಪೋರ್ಟಿನಲ್ಲಿ ಹೊಸ ಪೈಲಟ್‌ಗಳಿಗೆ ಕಲಿಸುತ್ತಿದ್ದ ರಾಬರ್ಟ್ ಸ್ಮಿತ್-ಬ್ಯಾರಿ ಒಂದು ಕೊಳವೆಯನ್ನು ಬಳಕೆಗೆ ತಂದ. ಒಂದು ತುದಿಯಲ್ಲಿ ಗುರು ಮಾತಾಡಿದರೆ ಇನ್ನೊಂದು ತುದಿ ಶಿಷ್ಯನ ಕಿವಿಯಲ್ಲಿ. ವಿದ್ಯುತ್ತಿಲ್ಲ, ತಂತಿಯಿಲ್ಲ, ನಮ್ಮ ಸ್ಟೆತಾಸ್ಕೋಪಿನ ತತ್ವವೇ. ಲೆನೆಕ್ 1816ರಲ್ಲಿ ಕಾಗದದ ಸುರುಳಿಯಿಂದ ರೋಗಿಯ ಎದೆಬಡಿತ ಕೇಳಿದ್ದನ್ನು ನೆನೆದರೆ ನಮ್ಮ ವೃತ್ತಿಯವರಿಗೆ ಸ್ವಲ್ಪ ಹೆಮ್ಮೆ ಪಡಲು ಅವಕಾಶವಿದೆ.

ಈಗಿನದು ಬ್ಲೂಟೂತ್ ಇಂಟರ್‌ಕಾಮ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ ಹೆಲ್ಮೆಟ್ಟಿನ ಹೊರಗೆ, ಚಪ್ಪಟೆಯಾದ ಎರಡು ಸ್ಪೀಕರ್ ಒಳಗೆ ಕಿವಿಯ ಬಳಿ, ಬಾಯಿಯ ಹತ್ತಿರ ಒಂದು ಮೈಕು. ಇಬ್ಬರಿಗೂ ಒಂದೊಂದು ಬೇಕು. ಬೆಲೆ ಜೋಡಿಗೆ ಕೆಲವು ಸಾವಿರದಿಂದ ಹಿಡಿದು ಹಳೆಯ ಬೈಕಿನ ಬೆಲೆಯವರೆಗೂ ಇದೆ.

ಇಬ್ಬರಿಗೂ ಬೇಕು ಎಂದೆ. ಹಿಂದಿನವರ ತಲೆಯ ಮೇಲೆ ಹೆಲ್ಮೆಟ್ಟೇ ಇಲ್ಲದಿದ್ದರೆ ಇದನ್ನು ಎಲ್ಲಿ ಕೂರಿಸುತ್ತೀರಿ? ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. ನಮ್ಮ ತಾಲ್ಲೂಕುಗಳ ರಸ್ತೆಯಲ್ಲಿ ನಿಂತು ಎಣಿಸಿದರೆ ಈ ಕಾನೂನಿನ ಗತಿ ಏನೆಂದು ತಿಳಿಯುತ್ತದೆ. ಮನೆಯಲ್ಲಿ ಇಂಟರ್‌ಕಾಮಿಗೆಂದು ಹಣ ಎತ್ತಿಟ್ಟಿದ್ದು ಹಿಂದಿನವರಿಗೆ ಒಳ್ಳೆಯ ಹೆಲ್ಮೆಟ್ ಇಲ್ಲವಾದರೆ, ಮೊದಲು ಆ ಹಣದಲ್ಲಿ ಐಎಸ್ಐ ಗುರುತಿನ, ಗಲ್ಲದ ಪಟ್ಟಿ ಸರಿಯಾಗಿ ಬಿಗಿಯುವ ಹೆಲ್ಮೆಟ್ ತನ್ನಿ. ಇಂಟರ್‌ಕಾಮ್ ಮುಂದಿನ ಸುಗ್ಗಿಗೆ ಆಗಲಿ.

ಹೆಂಗಸರಿಗೆ ಹೆಲ್ಮೆಟ್ ಕೊಳ್ಳುವಾಗ ತುರುಬಿನ ಮಾತೊಂದಿದೆ. ಎತ್ತರದ ತುರುಬು, ಅದರ ಮೇಲೆ ಮಲ್ಲಿಗೆ ದಂಡೆ ಇದ್ದರೆ ಹೆಲ್ಮೆಟ್ ಹಣೆಯ ಮೇಲೆ ಸರಿದು ಕೂರುತ್ತದೆ. ಸ್ಪೀಕರ್ ಕಿವಿಯನ್ನು ಬಿಟ್ಟು ಕೆನ್ನೆಯ ಮೇಲೆ ಬರುತ್ತದೆ. ಜಡೆಯನ್ನು ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಿಕೊಂಡು, ಹಾಗೆಯೇ ಅಂಗಡಿಗೆ ಹೋಗಿ ಹಾಕಿ ನೋಡಬೇಕು. ಗಂಡ ಒಬ್ಬನೇ ಹೋಗಿ ‘ಮೀಡಿಯಂ ಕೊಡು’ ಎಂದು ತರುವ ವಸ್ತುವಲ್ಲ ಅದು.

ಇನ್ನೊಂದು ಎಚ್ಚರಿಕೆ. ಹೆಲ್ಮೆಟ್ಟಿನ ಒಳಗೆ ಬಟ್ಟೆಯ ಕೆಳಗಿರುವ ಥರ್ಮಾಕೋಲಿನಂಥ ದಪ್ಪ ಪದರವೇ ಪೆಟ್ಟನ್ನು ಹೀರಿಕೊಳ್ಳುವುದು. ಸ್ಪೀಕರ್ ಕೂರಲು ಜಾಗವಿಲ್ಲವೆಂದು ಅದನ್ನು ಬ್ಲೇಡಿನಿಂದ ಕೆತ್ತಿ ಕೊಡುವ ಮೆಕ್ಯಾನಿಕ್ಕುಗಳಿದ್ದಾರೆ. ಕೆತ್ತಿದ ಜಾಗ ಕಿವಿಯ ಮೇಲಿನ ಮೂಳೆಯ ನೇರಕ್ಕೆ ಬರುತ್ತದೆ. ತಲೆಬುರುಡೆಯಲ್ಲಿ ತೀರ ತೆಳುವಾದ ಭಾಗಗಳಲ್ಲಿ ಅದೊಂದು. ಅದರ ಒಳಮೈಗೆ ಅಂಟಿಕೊಂಡು ರಕ್ತನಾಳ ಹಾದಿದೆ. ಕಿವಿಯ ಜಾಗದಲ್ಲಿ ಮೊದಲೇ ಗುಂಡಗೆ ತಗ್ಗು ಮಾಡಿರುವ ಹೆಲ್ಮೆಟ್‌ಗಳು ಸಿಗುತ್ತವೆ, ಅಂಥದ್ದನ್ನೇ ಕೇಳಿ. ಇಲ್ಲವಾದರೆ ತೆಳುವಾದ ಸ್ಪೀಕರಿನ ಇಂಟರ್‌ಕಾಮ್ ನೋಡಿ. ಕೆತ್ತಿಸಬೇಡಿ.

ಏನು ನೋಡಿ ಕೊಳ್ಳಬೇಕು

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುವುದು ದೂರ: ಒಂದು ಕಿಲೋಮೀಟರ್, ಎರಡು ಕಿಲೋಮೀಟರ್ ಕೇಳುತ್ತದೆ ಎಂದು. ನಿಮ್ಮ ಹಿಂದಿನ ಸೀಟು ಒಂದು ಮೊಳ ದೂರದಲ್ಲಿದೆ. ದೂರಕ್ಕೆಂದು, ಹತ್ತು ಹನ್ನೆರಡು ಬೈಕುಗಳು ಒಟ್ಟಿಗೆ ಮಾತಾಡಲೆಂದು ಹೆಚ್ಚು ಹಣ ಕೊಡಬೇಕಾಗಿಲ್ಲ. ಗುಂಪಾಗಿ ಪ್ರವಾಸ ಹೋಗುವ ಹುಡುಗರಿಗೆ ಅದು ಬೇಕಾದೀತು.

ನೀವು ನೋಡಬೇಕಾದದ್ದು ಕಡಿಮೆ ವಾಲ್ಯೂಮಿನಲ್ಲಿ ಮಾತು ಬಿಡಿಸಿ ಕೇಳಿಸುತ್ತದೆಯೇ ಎಂಬುದು. ಗಾಳಿಯ ಸದ್ದನ್ನು ಮೈಕಿನಲ್ಲೇ ಸೋಸಿ ಮಾತನ್ನಷ್ಟೇ ಕಳಿಸುವ ವ್ಯವಸ್ಥೆ ಒಳ್ಳೆಯ ಇಂಟರ್‌ಕಾಮಿನಲ್ಲಿ ಇರುತ್ತದೆ. ಅಗ್ಗದ್ದರಲ್ಲಿ ಕೆಟ್ಟುಹೋಗುವುದು ಸಾಮಾನ್ಯವಾಗಿ ಇದೇ. ನಿಮ್ಮ ಮೈಕು ಹಿಡಿದ ಗಾಳಿಯೆಲ್ಲ ಹಿಂದಿನವರ ಕಿವಿಗೆ ಹೋಗುತ್ತದೆ, ಅವರ ಗಾಳಿ ನಿಮ್ಮ ಕಿವಿಗೆ ಬರುತ್ತದೆ. ಇಬ್ಬರೂ ವಾಲ್ಯೂಮ್ ಏರಿಸುತ್ತೀರಿ. ಇಬ್ಬರೂ ಏಕಕಾಲಕ್ಕೆ ಮಾತಾಡಿದರೂ ಇಬ್ಬರಿಗೂ ಕೇಳುವಂತಿರಬೇಕು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಗುಂಡಿ ಒತ್ತಿ ಮಾತಾಡುವ ಪೊಲೀಸ್ ವೈರ್‌ಲೆಸ್ ಮಾದರಿ ನಮಗೆ ಬೇಡ. ‘ಎಮ್ಮಿ ಬಂತು’ ಎಂದು ಹೇಳಲು ಗುಂಡಿ ಹುಡುಕುವಷ್ಟರಲ್ಲಿ ಎಮ್ಮೆ ಬಂದಿರುತ್ತದೆ.

ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟಿಗೆ ಗುಂಡಿಯಂಥ ಚಿಕ್ಕ ಮೈಕು, ಗಲ್ಲದ ಭಾಗದ ಒಳಗೆ ಅಂಟಿಸುವುದು. ಮುಖ ತೆರೆದ ಹೆಲ್ಮೆಟ್ಟಿಗೆ ಕಡ್ಡಿಯ ತುದಿಗೆ ಸ್ಪಂಜು ಹಾಕಿದ ಮೈಕು, ಅದು ತುಟಿಯ ಹತ್ತಿರವೇ ಇರಬೇಕು. ಎರಡನ್ನೂ ಪೆಟ್ಟಿಗೆಯಲ್ಲಿ ಕೊಡುವವರಿದ್ದಾರೆ, ಕೇಳಿ ತೆಗೆದುಕೊಳ್ಳಿ. ಸ್ಪೀಕರ್ ಕಿವಿಯ ತೂತಿನ ನೇರಕ್ಕೆ ಬರುವಂತೆ ಕೂರಿಸಿಕೊಳ್ಳುವುದು ಬಹಳ ಮುಖ್ಯ. ಅದು ಒಂದು ಬೆರಳಷ್ಟು ಆಚೆಈಚೆ ಆದರೂ ಮಾತು ಮಂಕಾಗುತ್ತದೆ, ಆಗ ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ‘ಇಂಟರ್‌ಕಾಮ್ ಸರಿಯಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಇಷ್ಟೇ ಆಗಿರುತ್ತವೆ.

ನಮ್ಮ ಧೂಳು, ನಮ್ಮ ಬಿಸಿಲು ಮರೆಯಬೇಡಿ. ಪೆಟ್ಟಿಗೆಯ ಮೇಲೆ ಐಪಿ ಎಂದು ಬರೆದು ಎರಡು ಅಂಕಿ ಕೊಟ್ಟಿರುತ್ತಾರೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಮೊದಲ ಅಂಕಿ 6 ಇದ್ದರೆ ಧೂಳು ಒಳಗೆ ಹೋಗದು. ಒಳಗಿರುವುದು ಲಿಥಿಯಂ ಬ್ಯಾಟರಿ. ರಾಯಚೂರು ಜಿಲ್ಲೆಯ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿ ಬಿಟ್ಟುಹೋಗಬೇಡಿ, ನೆರಳಿಗೆ ಒಯ್ಯಿರಿ. ಉಬ್ಬಿದ ಬ್ಯಾಟರಿಯನ್ನು ಕಿವಿಯ ಪಕ್ಕ ಕಟ್ಟಿಕೊಂಡು ಹೋಗುವ ಧೈರ್ಯ ಯಾರಿಗೂ ಬೇಡ.

ಕೊಳ್ಳುವ ಮೊದಲು ಅಂಗಡಿಯೊಳಗೆ ‘ಹಲೋ ಹಲೋ’ ಎಂದು ನೋಡಿದರೆ ಏನೂ ತಿಳಿಯದು. ಅಲ್ಲಿ ಗಾಳಿಯೇ ಇಲ್ಲವಲ್ಲ. ಯಾರಾದರೂ ಈಗಾಗಲೇ ಕೊಂಡಿದ್ದರೆ ಅವರದನ್ನು ಕೇಳಿ ಪಡೆದು ಹೆದ್ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಹೋಗಿ ಬನ್ನಿ. ಅಂಗಡಿಯವರು ಒಪ್ಪಿದರೆ ಇನ್ನೂ ಒಳ್ಳೆಯದು. ಪರೀಕ್ಷೆ ಹೇಗೆ ಮಾಡಬೇಕೆಂದು ಕಿವಿಯ ವೈದ್ಯರ ಪದ್ಧತಿಯಿಂದಲೇ ಹೇಳುತ್ತೇನೆ. ಮಾತಿನ ಗಟ್ಟಿತನ ಇರುವುದು ಸ್ವರಗಳಲ್ಲಿ, ಅರ್ಥ ಇರುವುದು ವ್ಯಂಜನಗಳಲ್ಲಿ. ಗದ್ದಲದಲ್ಲಿ ಮೊದಲು ಮುಳುಗುವುದು ವ್ಯಂಜನ. ‘ಆ’ ಎಂದದ್ದು ಕೇಳುತ್ತದೆ, ‘ಕಾ’ನೋ ‘ತಾ’ನೋ ಗೊತ್ತಾಗುವುದಿಲ್ಲ. ಆದ್ದರಿಂದ ಹಿಂದಿನವರು ಕಲ್ಲು, ಹಲ್ಲು, ಹುಲ್ಲು, ಬಿಲ್ಲು. ಹತ್ತು, ಕತ್ತು, ಸುತ್ತು, ಮುತ್ತು ಎಂಬಂಥ ಪದಗಳನ್ನು ಕ್ರಮ ತಪ್ಪಿಸಿ ಸಾಧಾರಣ ದನಿಯಲ್ಲಿ ಹೇಳಲಿ. ಮುಂದಿನವರು ತಿರುಗಿ ಹೇಳಲಿ. ವಾಲ್ಯೂಮ್ ಅರ್ಧದ ಆಚೆ ಹೋಗಕೂಡದು. ಹತ್ತಕ್ಕೆ ಎಂಟಾದರೂ ಸರಿಬಂದರೆ ಆ ಇಂಟರ್‌ಕಾಮ್ ನಿಮಗೆ ಸಾಕು, ಬೆಲೆ ಎಷ್ಟೇ ಕಡಿಮೆಯಿರಲಿ. ಆಮೇಲೆ ಅದಲುಬದಲು ಮಾಡಿ ನೋಡಿ. ಹಿಂದಿನವರ ದನಿ ಮುಂದಿನವರಿಗೆ ಕೇಳಿ, ಮುಂದಿನವರದು ಹಿಂದಿನವರಿಗೆ ಕೇಳದಿದ್ದರೆ ಹಂಪ್ ಬಂದಾಗ ಉಪಯೋಗವಿಲ್ಲ.

ಪತ್ರದಲ್ಲಿ ಕೇಳಿದ ಮಿದುಳಿನ ಪ್ರಶ್ನೆಗೆ ಚಿಕ್ಕ ಉತ್ತರ: ಬ್ಲೂಟೂತ್ ಬಳಸುವ ರೇಡಿಯೋ ತರಂಗದ ಶಕ್ತಿ ಸಾಮಾನ್ಯವಾಗಿ ಮೊಬೈಲ್ ಫೋನು ಟವರನ್ನು ಮುಟ್ಟಲು ಬಳಸುವುದಕ್ಕಿಂತ ಬಹಳ ಕಡಿಮೆ. ಅದು ಎಕ್ಸ್‌ರೇ ಜಾತಿಯದಲ್ಲ. ಮಿದುಳಿಗೆ ಹಾನಿಯೆಂದು ತೋರಿಸಿಕೊಟ್ಟ ಆಧಾರವಿಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ ಎಂಬುದನ್ನು ನೆನಪಿಟ್ಟು, ಕಳಚಿದ ಹೆಲ್ಮೆಟ್ಟನ್ನು ಎದೆಗೆ ಅವಚಿ ಹಿಡಿಯದಿರಲಿ. ಒಂದು ಗೇಣು ದೂರ ಇರಲಿ.

ಫೋನು ಹಿಂದಿನವರ ಪಾಲಿಗೆ

ಈ ಇಂಟರ್‌ಕಾಮ್‌ಗಳೆಲ್ಲ ಮೊಬೈಲಿಗೂ ಕೂಡಿಕೊಳ್ಳುತ್ತವೆ. ನನ್ನ ಭಯ ಇರುವುದು ಇಲ್ಲಿ. ‘ಕೈಯಲ್ಲಿ ಹಿಡಿಯದಿದ್ದರೆ ಆಯಿತಲ್ಲ’ ಎನ್ನುವವರಿಗೆ ಕೆನಡಾದ ಟೊರಾಂಟೋದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಹೇಳಬೇಕು. ಅಪಘಾತ ಮಾಡಿಕೊಂಡಿದ್ದ, ಫೋನು ಇದ್ದ 699 ಚಾಲಕರ ಕರೆಗಳ ಲೆಕ್ಕ ತೆಗೆದು ನೋಡಿದಾಗ, ಫೋನಿನಲ್ಲಿ ಮಾತಾಡುವ ಹೊತ್ತಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟಾಗಿತ್ತು. ಕೈಯಲ್ಲಿ ಹಿಡಿಯದೆ ಮಾತಾಡುವ ಫೋನಿನಿಂದ ಹೆಚ್ಚಿನ ಸುರಕ್ಷತೆಯೇನೂ ಕಂಡುಬರಲಿಲ್ಲ. ಅದು ಕಾರಿನವರ ಲೆಕ್ಕ. ಎರಡು ಗಾಲಿಯ ಮೇಲೆ ಇರುವವರಿಗೆ ತಪ್ಪಿನ ಬೆಲೆ ಇನ್ನೂ ಹೆಚ್ಚು.

ಹಾಗಾದರೆ ಹಿಂದಿನ ಸೀಟಿನವರ ಜೊತೆ ಮಾತಾಡಿದರೆ ಗಮನ ತಪ್ಪುವುದಿಲ್ಲವೇ? ತಪ್ಪುತ್ತದೆ, ಆದರೆ ಒಂದು ವ್ಯತ್ಯಾಸವಿದೆ. ಬೆಂಗಳೂರಿನಿಂದ ಫೋನು ಮಾಡಿದ ಭಾವನಿಗೆ ನಿಮ್ಮ ಮುಂದೆ ಲಾರಿ ಬಂದದ್ದು ಕಾಣುವುದಿಲ್ಲ, ಆತ ಮಾತು ನಿಲ್ಲಿಸುವುದಿಲ್ಲ. ಹಿಂದೆ ಕುಳಿತವರಿಗೆ ಬ್ರೇಕ್ ಹಿಡಿದದ್ದು ಮೈಗೇ ತಿಳಿಯುತ್ತದೆ. ಅವರು ತಾವಾಗಿ ಸುಮ್ಮನಾಗುತ್ತಾರೆ. ಎಲ್ಲರೂ ಅಲ್ಲ. ಜಗಳ ಇದ್ದ ದಿನ ಇಂಟರ್‌ಕಾಮ್ ಬಂದ್ ಮಾಡಿ ಇಡುವುದು ಒಳ್ಳೆಯದು.

ಇದಕ್ಕೊಂದು ಸುಲಭದ ಉಪಾಯವಿದೆ. ಓಡಿಸುವವರ ಫೋನನ್ನು ಅವರ ಇಂಟರ್‌ಕಾಮಿಗೆ ಜೋಡಿಸಲೇಬೇಡಿ. ಎರಡು ಇಂಟರ್‌ಕಾಮ್‌ಗಳನ್ನು ಒಂದಕ್ಕೊಂದು ಜೋಡಿಸಿ, ಫೋನನ್ನು ಹಿಂದಿನವರ ಇಂಟರ್‌ಕಾಮಿಗೆ ಮಾತ್ರ ಸೇರಿಸಿ. ಕರೆ ಬಂದರೆ ಹಿಂದಿನವರೇ ತೆಗೆದುಕೊಂಡು, ಅಗತ್ಯವಿದ್ದರೆ ‘ದುಕಾನದಿಂದ ಫೋನ್ ಬಂದೈತ್ರಿ, ನಿಂದ್ರಸ್ರಿ’ ಎನ್ನಲಿ. ದಾರಿ ತೋರಿಸುವ ಮ್ಯಾಪೂ ಅವರ ಕೈಯಲ್ಲೇ ಇರಲಿ. ಹಾಡು ಹಂಚಿಕೊಳ್ಳುವ ಸೌಲಭ್ಯ ಇದ್ದರೆ ಅದನ್ನು ಬಂದ್ ಮಾಡಿ. ಗಾಳಿಯ ಸದ್ದಿನ ಮೇಲೆ ಹಾಡು ಚೆನ್ನಾಗಿ ಕೇಳಬೇಕೆಂದರೆ ಹಿಂದೆ ಹೇಳಿದ ಡೆಸಿಬಲ್ ಲೆಕ್ಕದಲ್ಲಿ ಮೇಲಿನ ಮೆಟ್ಟಿಲಿಗೇ ಹೋಗಬೇಕಾಗುತ್ತದೆ. ಹಿಂದಿನ ಬಸ್ಸಿನ ಹಾರ್ನೂ ಕೇಳದು.

ಕಿವಿಯೊಳಗೆ ಸಿಕ್ಕಿಸುವುದು ಬೇಡ

ಇಂಟರ್‌ಕಾಮಿನ ಬದಲು ಕಿವಿಯೊಳಗೆ ಸಿಕ್ಕಿಸುವ ಇಯರ್‌ಫೋನ್ ಹಾಕಿಕೊಂಡು, ಇಬ್ಬರೂ ಒಬ್ಬರಿಗೊಬ್ಬರು ಫೋನು ಮಾಡಿಕೊಂಡು ಮಾತಾಡುವ ಹುಡುಗರನ್ನು ಸಿಂಧನೂರಿನಲ್ಲಿ ನೋಡಿದ್ದೇನೆ. ಖರ್ಚಿಲ್ಲ, ನಿಜ. ಆದರೆ ಹೆಲ್ಮೆಟ್ಟಿನೊಳಗೆ ಬೆವರು, ಕಿವಿಯ ತೂತಿಗೆ ರಬ್ಬರಿನ ಬಿರಡೆ, ಹೊರಗೆ ನಲವತ್ತು ಡಿಗ್ರಿ ಬಿಸಿಲು. ಬೂಸಲು ಬೆಳೆಯಲು ಇನ್ನೇನು ಬೇಕು? ಕಿವಿ ತುರಿಕೆ, ಗಿಂವ್ ಎನ್ನುವುದು, ಒದ್ದೆ ಕಾಗದ ತುರುಕಿದಂಥ ಬಿಳಿ ಅಥವಾ ಕಪ್ಪು ಚುಕ್ಕೆಯ ಕೊಳೆ, ಇವು ಕಿವಿ ಬೂಸಲಿನ ಲಕ್ಷಣ. ಬೇಸಿಗೆ, ಮಳೆಗಾಲ ಎರಡರಲ್ಲೂ ಇಂಥವರು ಬರುತ್ತಾರೆ. ತುರಿಕೆಗೆ ಬೈಕಿನ ಕೀಲಿಕೈ, ಬೆಂಕಿಕಡ್ಡಿ ಹಾಕುವುದು, ಮನೆಯಲ್ಲಿ ಬಿಸಿ ಎಣ್ಣೆ ಬಿಡುವುದು ನಮ್ಮ ಕಡೆಯ ರೂಢಿ. ಎರಡೂ ಬೇಡ. ವೈದ್ಯರು ಕಿವಿಯನ್ನು ಶುಚಿ ಮಾಡಿ ಹನಿ ಔಷಧ ಕೊಟ್ಟರೆ ವಾಸಿಯಾಗುತ್ತದೆ. ತಮಟೆ ತೂತಾಗಿದೆಯೇ ಎಂದು ನೋಡದೆ ಮೆಡಿಕಲ್ ಅಂಗಡಿಯಿಂದ ಯಾವುದೋ ಹನಿ ತಂದು ಬಿಡಬಾರದು. ಹೆಲ್ಮೆಟ್ ಇಂಟರ್‌ಕಾಮಿನ ಸ್ಪೀಕರ್ ಕಿವಿಯ ಹೊರಗೇ ಇರುವುದರಿಂದ ಈ ತೊಂದರೆ ಕಡಿಮೆ. ಆದರೂ ಒಳಗಿನ ಬಟ್ಟೆಯನ್ನು ಆಗಾಗ ತೆಗೆದು ಒಗೆದು ಒಣಗಿಸಿ, ಒಬ್ಬರ ಹೆಲ್ಮೆಟ್ ಇನ್ನೊಬ್ಬರು ಹಾಕಬೇಡಿ.

ಹುಬ್ಬಳ್ಳಿ, ಬೆಂಗಳೂರುಗಳಿಗೆ ಬೈಕಿನಲ್ಲೇ ಹೋಗುವ ಉತ್ಸಾಹಿಗಳು ಸ್ಪಂಜಿನ ಕಿವಿಬಿರಡೆ ಹಾಕಿಕೊಳ್ಳುವುದುಂಟು. ಅದು ಗಾಳಿಯನ್ನೂ ಮಾತನ್ನೂ ಸಮನಾಗಿ ತಗ್ಗಿಸುವುದರಿಂದ ಒಳ್ಳೆಯ ಕಿವಿಯವರಿಗೆ ಇಂಟರ್‌ಕಾಮಿನ ಮಾತು ತಿಳಿಯಲು ಅಡ್ಡಿಯಾಗದು. ಮೊದಲೇ ಕಿವಿ ಮಂದವಾದವರಿಗೆ ಮಾತ್ರ ಅದು ಹೊಂದುವುದಿಲ್ಲ.

ಕಿವಿ ಮಂದವಾದವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಟ್ಟಿ ಚಿನ್ನದ ಗಣಿಯಲ್ಲಿ ಡ್ರಿಲ್ಲಿಂಗ್ ಮಾಡಿದವರು, ಗಿರಣಿ, ಭತ್ತ ಕೊಯ್ಯುವ ಯಂತ್ರ, ಟ್ರ್ಯಾಕ್ಟರ್‌ಗಳ ಮೇಲೆ ವರ್ಷಗಟ್ಟಲೆ ದುಡಿದವರು, ಅರವತ್ತು ದಾಟಿದವರು, ಇವರಿಗೆಲ್ಲ ಮೊದಲು ಹೋಗುವುದು ತೆಳುದನಿಯ ವ್ಯಂಜನಗಳೇ. ‘ಕೇಳತೈತಿ, ತಿಳಿಯೂದಿಲ್ಲ’ ಎನ್ನುತ್ತಾರೆ. ಅದು ಸರಿಯಾದ ವರ್ಣನೆ. ಇಂಥ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗುವ ಮಗ ವಾಲ್ಯೂಮ್ ಪೂರ್ತಿ ಏರಿಸಿಕೊಡುತ್ತಾನೆ. ಏರಿಸಿದರೆ ಸದ್ದು ಹೆಚ್ಚುತ್ತದೆ ಹೊರತು ಮಾತು ತಿಳಿಯಾಗುವುದಿಲ್ಲ, ಉಳಿದ ಕಿವಿಯೂ ಸವೆಯುತ್ತದೆ. ಅವರಿಗೆ ಚಿಕ್ಕ ಮಾತುಗಳನ್ನು ನಿಧಾನವಾಗಿ ಹೇಳಬೇಕು. ಕಿವಿ ಯಂತ್ರ ಹಾಕುವವರಿಗೆ ಹೆಲ್ಮೆಟ್ ಒತ್ತಿ ಯಂತ್ರ ಸಿಳ್ಳೆ ಹೊಡೆಯುವುದುಂಟು. ಯಂತ್ರ ಕೊಟ್ಟವರಿಗೇ ಹೆಲ್ಮೆಟ್ ಸಮೇತ ಒಮ್ಮೆ ತೋರಿಸಿ. ಬೈಕಿನಿಂದ ಇಳಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು ರಾತ್ರಿಯವರೆಗೂ ಉಳಿಯುತ್ತದೆಯೇ, ಮನೆಯವರು ಟಿ.ವಿ. ಜೋರಾಯಿತು ಎನ್ನುತ್ತಾರೆಯೇ? ಹಾಗಿದ್ದರೆ ವಾಲ್ಯೂಮ್ ಇಳಿಸಿ, ರಾಯಚೂರಿನ ರಿಮ್ಸ್‌ನಂಥ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಶ್ರವಣ ಪರೀಕ್ಷೆ ಮಾಡಿಸಿ. ಒಮ್ಮೆ ಸತ್ತ ಕಿವಿಯೊಳಗಿನ ಸೂಕ್ಷ್ಮ ಕೂದಲ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಹಿಂದೆ ಕುಳಿತವರು ಸಕ್ಕರೆ ಕಾಯಿಲೆಯವರಾಗಿದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಅಥವಾ ಗರ್ಭಿಣಿಯಾಗಿದ್ದರೆ, ಬಿಪಿ ಮಾತ್ರೆ ಹೊಸದಾಗಿ ಶುರುವಾಗಿದ್ದರೆ ಮಾತು ಕೇಳಿಸುವುದು ಇನ್ನೂ ಮುಖ್ಯ. ಬೆವರು, ನಡುಕ, ತಲೆಸುತ್ತು ಬಂದ ಕೂಡಲೇ ಹೇಳಬೇಕು. ಹೇಳಿದ ಕೂಡಲೇ ಗಾಡಿ ನಿಲ್ಲಬೇಕು. ತೀರ ಸುಸ್ತಾದ ರೋಗಿಯನ್ನು ಇಬ್ಬರ ನಡುವೆ ಕೂರಿಸಿ ಬೈಕಿನಲ್ಲಿ ಆಸ್ಪತ್ರೆಗೆ ತರುವ ಪದ್ಧತಿ ಮಾತ್ರ ಇಂಟರ್‌ಕಾಮ್ ಇದ್ದರೂ ಬೇಡ, 108ಕ್ಕೆ ಫೋನು ಮಾಡಿ. ಪುಟ್ಟ ಮಕ್ಕಳ ವಿಷಯದಲ್ಲಿ 2022ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮ ಹಲವರಿಗೆ ತಿಳಿದಿಲ್ಲ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಗುವನ್ನು ಕರೆದೊಯ್ಯುವಾಗ ಮಗುವಿಗೆ ಹೆಲ್ಮೆಟ್ ಇರಬೇಕು, ಓಡಿಸುವವರಿಗೆ ಬಿಗಿದು ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು.

ಇಂಟರ್‌ಕಾಮ್ ಕೊಳ್ಳಲಾಗದವರು, ಬೇಡವೆನ್ನುವವರು ಮನೆಯಿಂದ ಹೊರಡುವ ಮೊದಲೇ ಕೈಸನ್ನೆ ಗೊತ್ತುಮಾಡಿಕೊಳ್ಳಲಿ. ಹಿಂದಿನವರು ಭುಜಕ್ಕೆ ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು. ಮುಂದಿನವರು ಹಂಪ್ ಕಂಡ ಕೂಡಲೇ ಬೇಗನೆ ವೇಗ ಇಳಿಸಿ, ದೀರ್ಘವಾಗಿ ಒಂದು ಹಾರ್ನ್ ಹೊಡೆಯಲಿ. ಹಿಂದಿನವರಿಗೆ ಅದೇ ‘ಹಿಡ್ಕೋ’. ಸನ್ನೆಗೆ ಬಗ್ಗದ ತೊಂದರೆ ಒಂದೇ, ನಿದ್ದೆ. ಮದುವೆ, ಜಾತ್ರೆ ಮುಗಿಸಿ ರಾತ್ರಿ ಹಿಂದಿರುಗುವಾಗ, ಅಂಬಾಮಠದಿಂದಲೋ ಗುರುಗುಂಟಾ ಅಮರೇಶ್ವರನಿಂದಲೋ ಬರುವಾಗ, ಹಿಂದೆ ಕುಳಿತವರು ತೂಕಡಿಸುವುದು ಮುಂದಿನವರಿಗೆ ತಿಳಿಯುವುದೇ ಇಲ್ಲ. ಇಂಟರ್‌ಕಾಮ್ ಇದ್ದರೆ ಐದಾರು ನಿಮಿಷಕ್ಕೊಮ್ಮೆ ಏನಾದರೂ ಕೇಳುತ್ತಿರಿ. ಎರಡು ಸಲ ಕೇಳಿದರೂ ಉತ್ತರ ಬರದಿದ್ದರೆ ಗಾಡಿಯನ್ನು ನಿಧಾನವಾಗಿ ಎಡಕ್ಕೆ ತೆಗೆದು ನಿಲ್ಲಿಸಿ, ಇಬ್ಬರೂ ಇಳಿದು ಮುಖ ತೊಳೆದುಕೊಂಡು, ಚಹಾ ಕುಡಿದು ಹೊರಡಿ.